ಬಾಗಿಲ ಮೇಲಿನ ಕೆಂಪು ದೀಪ

ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಬಾಗಿಲ ಮೇಲೊಂದು ಕೆಂಪು ದೀಪ. ಒಳಗೆ ಎಕ್ಸ್‌ರೇ ತೆಗೆಯುವಾಗ ಮಾತ್ರ ಉರಿಯುವಂಥದ್ದು. ಅದರ ಕೆಳಗೆ ನಿಂತು ಆಕೆ ದಿನಕ್ಕೆ ಮೂವತ್ತು ಹೆಂಗಸರನ್ನಾದರೂ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಬಸುರಿ ಏನಮ್ಮಾ?" ಉತ್ತರ ತಡವಾದರೆ ಗದರಿಕೆ. "ಬಾಯಿ ಬಿಟ್ಟು ಹೇಳಮ್ಮಾ, ಮುಚ್ಚಿಡೋಕೆ ಅದೇನು ಕದ್ದ ಮಾಲಾ?" ಎಲ್ಲರೂ ಅವಳನ್ನು ಎಕ್ಸ್‌ರೇ ಮೇಡಂ ಎನ್ನುತ್ತಿದ್ದರು.

ಅಂಥವಳು ತನ್ನ ಹೊಟ್ಟೆಯೊಳಗಿನ ಸುದ್ದಿಯನ್ನು ನಾಲ್ಕು ತಿಂಗಳು ತುಂಬಿದರೂ ಬಚ್ಚಿಟ್ಟುಕೊಂಡಿದ್ದಳು ನೋಡಿ! ಕಾರಣವಿಲ್ಲದೆ ಅಲ್ಲ. ಎರಡು ವರ್ಷ ದುಡಿದ ಮೇಲೆ ಕೆಲಸ ಕಾಯಂ ಆಗುವ ಪತ್ರ ಮ್ಯಾನೇಜರ ಮೇಜಿನ ಮೇಲೆ ಬಂದು ಕೂತಿತ್ತು. ಸಹಿಯೊಂದು ಬಾಕಿ. ಈ ಜಾಗದಲ್ಲಿ ಹಿಂದೆ ಇದ್ದವಳು ಸಹಿಗೆ ಮುಂಚೆಯೇ ಸಿಹಿಸುದ್ದಿ ಹೇಳಿಬಿಟ್ಟಿದ್ದಳು. ಮ್ಯಾನೇಜರು "ತುಂಬಾ ಸಂತೋಷಮ್ಮಾ" ಎಂದು ನಗುನಗುತ್ತಲೇ ಮನೆಗೆ ಕಳಿಸಿದ್ದರು. ಆ ಸಂತೋಷದ ದೆಸೆಯಿಂದಲೇ ಇವಳಿಗೆ ಕೆಲಸ ಸಿಕ್ಕಿದ್ದು.

ಹಾಗಾಗಿ ಕಿರಣ ತಾಕದಿರಲೆಂದು ತೊಡುವ ಸೀಸದ ಏಪ್ರನ್ನನ್ನು ಬೆಳಿಗ್ಗೆ ಹಾಕಿಕೊಂಡರೆ ಸಂಜೆಯೇ ಬಿಚ್ಚುತ್ತಿದ್ದಳು. ಐದು ಕಿಲೋ ಭಾರ, ಬೆನ್ನು ಬಿದ್ದುಹೋಗುತ್ತಿತ್ತು. ಒಳಗಿನ ಜೀವಕ್ಕೆ ಕಾವಲಾಯಿತು, ಹೊರಗಿನವರ ಕಣ್ಣಿಗೆ ಮರೆಯಾಯಿತು. ಮ್ಯಾನೇಜರಂತೂ ಮೀಟಿಂಗಿನಲ್ಲಿ ಚಪ್ಪಾಳೆ ಹೊಡೆಸಿದರು. "ಎಚ್ಚರಿಕೆ ಅಂದ್ರೆ ಇದು! ಇವರನ್ನ ನೋಡಿ ಕಲೀರಿ."

ಮನೆಯಲ್ಲಿ ಗಂಡ ದಿನಾ ಕೇಳುತ್ತಿದ್ದ: "ಇವತ್ತಾದ್ರೂ ಹೇಳಿದ್ಯಾ?"

"ಸಹಿ ಬೀಳಲಿ, ತಾಳಿ."

ಸಹಿಗಿಂತ ಮೊದಲು ಅವಳೇ ಬಿದ್ದಳು. ಆಗಷ್ಟೇ ಒರೆಸಿದ ನೆಲ, ಮೈಮೇಲೆ ಆ ಹೊರೆ. ಪಾದ ಬುಸ್ಸನೆ ಊದಿಕೊಂಡಿತು. ಸದ್ದು ಕೇಳಿ ಓಡಿ ಬಂದ ಮ್ಯಾನೇಜರು, "ಅಯ್ಯಯ್ಯೋ! ನಮ್ಮದೇ ಮೆಷಿನ್ ಇದೆ, ತೆಗೆದೇ ಬಿಡಿ ಎಕ್ಸ್‌ರೇ!" ಎನ್ನುತ್ತ ಗಾಲಿಕುರ್ಚಿಯನ್ನು ತಾವೇ ತಳ್ಳಿಕೊಂಡು ಹೋದರು.

ಒಳಗೆ ಹಿರಿಯ ಟೆಕ್ನಿಷಿಯನ್ ಅಕ್ಕ ಇದ್ದಳು, ಇವಳಿಗೆ ಕೆಲಸ ಕಲಿಸಿದವಳು. ಮೂವತ್ತು ವರ್ಷದ ರೂಢಿ. ಮುಖ ಕೂಡ ನೋಡದೆ ಫಾರ್ಮಿನ ಮೇಲೆ ಪೆನ್ನಿಟ್ಟಳು.

"ಬಸುರಿ ಏನಮ್ಮಾ?"

ತೆಗೆಯುವುದು ಪಾದಕ್ಕೆ, ಹೊಟ್ಟೆಯ ಮೇಲೆ ಸೀಸ ಇದ್ದೇ ಇದೆ, ಇಲ್ಲ ಎಂದರೆ ಯಾವ ಗಂಟು ಹೋಗುತ್ತದೆ? ಇವಳಿಗೆ ಅದೆಲ್ಲ ಚೆನ್ನಾಗಿ ಗೊತ್ತು. ಆದರೂ ನಾಲಿಗೆ ಏಳಲಿಲ್ಲ. ಹೆದರಿಕೆಯಾಯಿತು, ಪತ್ರದ್ದಲ್ಲ, ಮಗುವಿನದು.

"ಬಾಯಿ ಬಿಟ್ಟು ಹೇಳಮ್ಮಾ, ಮುಚ್ಚಿಡೋಕೆ ಅದೇನು ಕದ್ದ ಮಾಲಾ?"

"ಹೌದಕ್ಕಾ. ನಾಲ್ಕು ತಿಂಗಳು."

ಪೆನ್ನು ನಿಂತಿತು. ಕುರ್ಚಿಯ ಮೇಲಿದ್ದ ಮ್ಯಾನೇಜರ ಕೈ ಹಿಂದಕ್ಕೆ ಸರಿಯಿತು.

"ತುಂಬಾ ಸಂತೋಷಮ್ಮಾ," ಎಂದರು. "ಪತ್ರದ್ದೆಲ್ಲ ಹೆರಿಗೆ ಆದ್ಮೇಲೆ ನೋಡೋಣ, ಆಯ್ತಾ? ಅಲ್ಲೀವರೆಗೆ ಹೊರಗಡೆ ಕೌಂಟರ್‌ನಲ್ಲಿ ಕೂತ್ಕೊಳ್ಳಿ. ಅಲ್ಲಾ, ಮೊದಲೇ ಹೇಳೋದಲ್ವಾ? ನಾವೇನು ಹೊರಗಿನವರಾ?"

ಪಾದ ಮುರಿದಿರಲೂ ಇಲ್ಲ. ಡಾಕ್ಟರು ಒತ್ತಿ ನೋಡಿ, ಬರೀ ಉಳುಕು, ಎಕ್ಸ್‌ರೇ ಯಾಕೆ ಬೇಕಿತ್ತು ಎಂದರು.

ವಾರದ ಮೇಲೆ ಕೌಂಟರಿಗೆ ಬಟ್ಟೆ ಕಾರ್ಖಾನೆಯ ಹೆಣ್ಣುಮಗಳೊಬ್ಬಳು ಊದಿದ ಮಣಿಕಟ್ಟು ಹಿಡಿದುಕೊಂಡು ಬಂದಳು. ಜೊತೆಗೆ ಅವಳ ಸೂಪರ್‌ವೈಸರ್, ಗಡಿಯಾರ ನೋಡುತ್ತ.

"ಬಸುರಿ ಏನಮ್ಮಾ?"

ಹೆಣ್ಣುಮಗಳು ಸೂಪರ್‌ವೈಸರನ ಮುಖ ನೋಡಿದಳು. "ಇಲ್ಲ."

ಇವಳಿಗೆ ಗದರಿಕೆ ಗಂಟಲವರೆಗೆ ಬಂದಿತ್ತು. ನುಂಗಿಕೊಂಡಳು. "ಸಾರ್, ಆ ಕಿಟಕೀಲಿ ಚೀಟಿಗೆ ಸೀಲ್ ಹಾಕಿಸ್ಕೊಂಡು ಬನ್ನಿ" ಎಂದು ಅವನನ್ನು ಸಾಗಹಾಕಿ ಮುಂದಕ್ಕೆ ಬಾಗಿದಳು. "ಈಗ ಹೇಳು ತಂಗಿ."

"ಮೂರು ತಿಂಗಳು, ಅಕ್ಕಾ. ಅವರಿಗೆ ಹೇಳ್ಬೇಡಿ, ನಿಮ್ಮ ದಮ್ಮಯ್ಯ. ಮುಂದಿನ ವಾರ ಕಾಯಂ ಮಾಡ್ತಾರೆ."

ಅಷ್ಟರಲ್ಲಿ ಅವನು ಸೀಲು ಹಾಕಿಸಿಕೊಂಡು ಬಂದೇ ಬಿಟ್ಟ.

"ಮೆಷಿನ್ ಕೆಟ್ಟಿದೆ ಸಾರ್," ಎಂದಳು. "ಇವಳನ್ನ ಡಾಕ್ಟರ್ ಹತ್ತಿರ ನಾನೇ ಕರ್ಕೊಂಡು ಹೋಗ್ತೀನಿ. ನೀವು ಹೊರಡಿ."

ಅವನು ಎಕ್ಸ್‌ರೇ ಕೋಣೆಯ ಬಾಗಿಲ ಮೇಲಕ್ಕೆ ಬೆರಳು ತೋರಿಸಿದ. "ಮತ್ತೆ ಆ ದೀಪ ಉರೀತಾ ಇದೆಯಲ್ಲ?"

"ಕೆಟ್ಟಾಗಲೇ ಸಾರ್ ಅದು ಉರಿಯೋದು," ಎಂದಳು ಎಕ್ಸ್‌ರೇ ಮೇಡಂ.