ಮೈಲಾರವ್ವನ ಸಮುದ್ರ

ಅಂಟಿಕೊಂಡಾವು, ಫೋಟೋ ಇಪ್ಪತ್ತು ವರ್ಷ ಬಿಸ್ಕೀಟ ಡಬ್ಬ್ಯಾಗ ಒಂದರ ಮ್ಯಾಲೊಂದು ಬಿದ್ದು ಬಿದ್ದು ಅಂಟಿಕೊಂಡಾವು, ಉಗುರು ಹಾಕಿದ್ರ ಎಲ್ಲಿ ಹರೀತಾವೋ, ನಿಧಾನ ಮಲಕಪ್ಪ ಮಾಸ್ತರ, ನಿಧಾನ, ನನಗ ನಾನ ಹೇಳಿಕೋತೀನಿ — ಕಿಡಕಿ ಬಿಸಲಿಗೆ ಹಿಡದ್ರ ಒಂದೀಟು ಸಡಲ ಆಗತಾವು, ಹಾಂ, ಬಂತು, ಇದು ಬರೇ ಕರಿ ಹಾಳಿ, ಬೋಗದಾ, ರೈಲು ಗುಡ್ಡದ ಹೊಟ್ಟ್ಯಾಗ ಹೊಕ್ಕಾಗ ತಗದದ್ದು, ಕತ್ತಲದಾಗ ಯಾವ ಶಾಣ್ಯಾ ಫೋಟೋ ತಗೀತಾನ, ನಾನ ತಗದಿದ್ದೆ, ಹನ್ನೆರಡು ಫೋಟೋದ ರೀಲಿನಾಗ ಐದು ಹಿಂಗ ಕೆಟ್ವು, ಕ್ಯಾಮೆರಾ ನನ್ನ ಹೇಂತಿ ಬಸಕ್ಕನ ತಮ್ಮಂದು, ಹೆಂಗ ಹಿಡೀಬೇಕು ಅಂತ ಅವ ಹೇಳಿಕೊಟ್ಟದ್ದು ಅಣ್ಣಿಗೇರಿ ಸ್ಟೇಶನ್ ಮುಟ್ಟೂದ್ರಾಗ ಮರ್ತಿದ್ದೆ. ಅರವತ್ತಾರನೇ ಇಸವಿ ಡಿಸೆಂಬರ್, ತಿರ್ಲಾಪುರ ಸಾಲಿ ಹದಿನೆಂಟು ಹುಡುಗ್ರು, ಅವರಾಗ ನಾಕು ಹೆಣಮಕ್ಕಳು, ಎರಡು ಚಕ್ಕಡಿ ಕಟಗೊಂಡು ಅಣ್ಣಿಗೇರಿ, ಅಲ್ಲಿಂದ ರೈಲು, ಗೋವಾದ ಸಮುದ್ರ ತೋರಸ್ತೀನಿ ಅಂತ ಊರ ಮುಂದ ಮಾತು ಕೊಟ್ಟಿದ್ದೆ, ನಾನರ ಎಲ್ಲಿ ಸಮುದ್ರ ನೋಡಿದ್ದೆ, ನನಗೂ ಅದು ಮೊದಲನೇ ಸಲಾನ.

ಇದು ಅಳ್ನಾವರ, ರೈಲು ನಿಂತಾಗ ತಗದದ್ದು, ಎಲ್ಲಾರೂ ಕಿಡಕ್ಯಾಗ ಮಾರಿ ಹಾಕ್ಯಾರ, ಎಡಕ್ಕ ತುದೀಗೆ ಇರಾಕಿ ಮೈಲಾರವ್ವ, ಶಿದ್ಲಿಂಗಪ್ಪನ ಮಗಳು, ಹನ್ನೆರಡು ವರ್ಷ, ಏಳನೇತ್ತ — ಎರಿ ಹೊಲದಾಗ ಹುಟ್ಟಿ ಬೆಳದ ಹುಡಿಗಿ, ಕಣ್ಣು ಹಾಯೂ ತನಕ ಬೈಲು ಬಿಟ್ರ ಬ್ಯಾರೆ ನೋಡದಾಕಿ, ಅಡವಿ ಸುರು ಆದಕೂಡ್ಲೆ ನನ್ನ ಅಂಗಿ ಜಗ್ಗಿದ್ಳು, ಮಾಸ್ತರ್ರ, ಇಷ್ಟೊಂದು ಗಿಡಾ ಯಾರು ಹಚ್ಯಾರ್ರಿ, ಯಾರೂ ಹಚ್ಚಿಲ್ಲವಾ, ತಾವಾಗೇ ಹುಟ್ಟ್ಯಾವು ಅಂದೆ, ನಂಬಲಿಲ್ಲ, ಹಂಗಾರ ಇವಕ್ಕ ನೀರು ಯಾರು ಹಾಕ್ತಾರ್ರಿ ಅಂದ್ಳು, ರೈಲು ಡಬ್ಬಿ ತುಂಬ ಮಂದಿ ನಕ್ಕರು, ಆಕಿ ನಗಲಿಲ್ಲ, ಉತ್ತರ ಬೇಕಾಗಿತ್ತು ಆಕಿಗೆ. ಮುಂದ ಬೋಗದಾ ಬಂದ್ವು, ಹೊಗಿ ಒಳಗ ನುಗ್ಗಿ ಕಣ್ಣು ಉರದು ಹುಡುಗ್ರು ಚೀರೂದು, ಆ ಕತ್ತಲದಾಗ ಈಕಿದೊಂದ ದನಿ, ಒಂದು, ಎರಡು, ಮೂರು, ಎಣಸಾಕತ್ತಿದ್ಳು. ಮತ್ತ ಇದು, ಎಲ್ಲಾದ್ರ ಕೆಳಗಿಂದು, ಇದು ಮಾತ್ರ ಒಂಚೂರೂ ಕೆಟ್ಟಿಲ್ಲ — ಮೊಳಕಾಲು ಮಟ ನೀರಾಗ ನಿಂತಾಳ, ಪರಕಾರ ತೊಯ್ದು ಕಾಲಿಗೆ ಸುತ್ತಿಕೊಂಡದ, ಬೊಗಸಿ ತುಂಬ ಸಮುದ್ರ ಎತ್ತಿ ಹಿಡದಾಳ, ಕಣ್ಣು ಮುಚ್ಚಿ ಹೋಗೂವಷ್ಟು ನಗು.

ಮತ್ತ ಅದನ್ನ ಹಿಡಕೊಂಡು ಕುಂತ್ರೇನ್ರಿ, ಅಡಗಿಮನ್ಯಾಗಿಂದ ಬಸಕ್ಕ, ರೊಟ್ಟಿ ಬಡಿಯೂದು ನಿಂದ್ರಸದ ಹೇಳತಾಳ, ಕೊಟ್ಟು ಬರ್ರಿ, ಕೊಟ್ಟು ಬರ್ರಿ ಅಂತ ಒಂದು ವರ್ಷಾತು ಬಡಕೊಳ್ಳಾಕತ್ತು, ಮೈಲಾರವ್ವನ ಮಗಳು ತಾಯಿ ಮಾರೀನ ನೋಡಿಲ್ಲ. ಹೌದು, ನೋಡಿಲ್ಲ. ಮೈಲಾರವ್ವಗ ಹದಿನಾರಕ್ಕ ಲಗ್ನ, ಹತ್ತೊಂಬತ್ತಕ್ಕ ಹೆಣ್ಣು ಹಡದು ಹತ್ತನೇ ದಿನಕ್ಕ ಹೋಗಿಬಿಟ್ಟಳು, ನಾನಾಗ ಮಿಶ್ರಿಕೋಟಿಗೆ ವರ್ಗಾ ಆಗಿದ್ದೆ, ಕಾರ್ಡಿನಾಗ ಎರಡ ಸಾಲು ಬರದಿದ್ರು, ಮಕ್ಕಳಿಗೆ ಮಗ್ಗಿ ಹೇಳ್ಸೂದು ಅರ್ಧಕ್ಕ ಬಿಟ್ಟು ಕುಂತಬಿಟ್ಟೆ. ಆ ಕೂಸು ಸಾವಂತ್ರೆವ್ವ, ಅಜ್ಜ ಶಿದ್ಲಿಂಗಪ್ಪನ ಮನ್ಯಾಗ ಬೆಳದು ಈಗ ಹದಿಮೂರು, ಹೋದ ವರ್ಷ ನಾನು ತಿರ್ಲಾಪುರಕ್ಕ ತಿರಗಿ ಬಂದ್ರ ನನ್ನ ವರ್ಗದಾಗ ಮುಂದಿನ ಸಾಲಿನಾಗ ಕುಂತಿದ್ಳು. ಲಗ್ನದಾಗ ಸೈತ ಯಾರೂ ಫೋಟೋ ತಗಿಸಿದ್ದಿಲ್ಲ, ಈ ಜಗತ್ತಿನಾಗ ಮೈಲಾರವ್ವನ ಮಾರಿ ಇರೂದು ನನ್ನ ಬಿಸ್ಕೀಟ ಡಬ್ಬ್ಯಾಗ ಅಷ್ಟ — ಸಾಲಿ ಬಿಟ್ಟ ಮ್ಯಾಲ ಹುಡಿಗಿ ಒಂದಿನ ಒಬ್ಬಾಕಿನ ಹಿಂದುಳದು ಕೇಳಿದ್ಳು, ನಮ್ಮವ್ವ ಹೆಂಗಿದ್ಳ್ರಿ ಮಾಸ್ತರ್ರ, ಚಲೋ ಇದ್ಳವಾ ಅಂದು ಕರಿ ಹಲಗಿ ಒರಸಾಕ ತಿರಗಿದೆ, ಒರಸಿದ್ದನ್ನ ಒರಸಿದೆ.

ಅಂಜಿಕಿ. ಮತ್ತೇನಲ್ಲ, ಅಂಜಿಕಿ. ಸೋಮವಾರ ಮತ್ತ ಹುಡುಗ್ರನ್ನ ಸಮುದ್ರಕ್ಕ ಒಯ್ಯಾಕತ್ತೀನಿ, ಸಾವಂತ್ರಿ ತಾನಾಗೇ ಹೆಸರು ಬರಸಿದ್ಳು, ನಿನ್ನೆ ಹೊಲದ ದಾರ್ಯಾಗ ಶಿದ್ಲಿಂಗಪ್ಪ ನನ್ನ ತಡದು ನಿಂದ್ರಿಸಿದ, ಹೆಸರು ಹೊಡದು ಹಾಕ್ರಿ, ನೀವು ನನ್ನ ಮಗಳಿಗೆ ಸಮುದ್ರ ತೋರಿಸಿದ್ರಿ ಮಾಸ್ತರ್ರ, ತಿರಗಿ ಬಂದ ಮ್ಯಾಲ ಆಕಿಗೆ ಈ ಊರು ಸಾಲಲಿಲ್ಲ, ಗಂಡನ ಊರೂ ಸಾಲಲಿಲ್ಲ, ಈ ಒಂದು ಹುಡಿಗಿನ್ನರ ನನಗ ಬಿಡ್ರಿ. ಹೇಳಬೇಕಿತ್ತು — ಸಮುದ್ರ ತೋರಿಸಿದ್ದಲ್ಲ ತಪ್ಪು, ತಪ್ಪು ಅದರ ಮುಂದಿಂದು, ಏಳನೇತ್ತ ಮುಗದ ಮ್ಯಾಲ ಮೈಲಾರವ್ವ ನನ್ನ ಬಾಗಲಾಗ ಬಂದು ನಿಂತದ್ದು, ನವಲಗುಂದದ ಹೈಸ್ಕೂಲಿಗೆ ಕಳಸು ಅಂತ ಅಪ್ಪಗ ಒಂದು ಮಾತು ಹೇಳ್ರಿ ಅಂದದ್ದು, ನಾನು ಹೋದದ್ದು, ಹೆಣಮಗಳಿಗೆ ಇನ್ನೆಷ್ಟು ಸಾಲಿ ಅಂತ ಅವ ಅಂದದ್ದು, ಕೊಟ್ಟ ಚಾ ಕುಡದು ನಾನು ಎದ್ದು ಬಂದದ್ದು, ಒಂದ ಸಲ, ಬರೇ ಒಂದ ಸಲ, ಎರಡನೇ ಸಲ ಆ ಬಾಗಲಾ ತುಳೀಲಿಲ್ಲ. ಬಸಕ್ಕಾ, ನನ್ನ ಟೊಪಗಿ ಕೊಡು. ಊಟಾ ಮಾಡಿ ಹೋಗ್ರಿ ಅಂತಾಳ, ಬ್ಯಾಡ, ಊಟಕ್ಕ ಕುಂತ್ರ ಧೈರ್ಯ ಇಳದ ಹೋಗತದ, ಫೋಟೋ ಅಂಗಿ ಕಿಸೇದಾಗ ಇಟಗೊಂಡು ಹೊಂಟೆ, ಕಾಲು ತಾವ ನಡದಾವು, ದಾರ್ಯಾಗ ಯಾರೋ ನಮಸ್ಕಾರ ಅಂದ್ರು, ಯಾರು ಅಂತ ನೋಡಲಿಲ್ಲ.

ಅಂಗಳ ತುಂಬ ಕೆಂಪು ಮೆಣಸಿನಕಾಯಿ ಹಾಸ್ಯಾರ, ಘಾಟಿಗೆ ಒಳಗ ಹೋಗೂದಕ್ಕಿಂತ ಮೊದಲ ಎರಡು ಸೀನು, ಸಾವಂತ್ರಿ ತೊಟ್ಟು ಮುರಕೋತ ಕುಂತಾಕಿ ತಲಿ ಎತ್ತಿದ್ಳು, ಬರ್ರಿ ಮಾಸ್ತರ್ರ ಅಂದ ಶಿದ್ಲಿಂಗಪ್ಪ, ಚಾ ಇಡಂತೀನಿ, ಚಾ ಬ್ಯಾಡ ಶಿದ್ಲಿಂಗಣ್ಣ, ಇದನ್ನ ಕೊಡಾಕ ಬಂದೀನಿ, ಇಪ್ಪತ್ತು ವರ್ಷ ತಡಾ ಮಾಡೀನಿ. ಏನು ಅಂತ ಬಗ್ಗಿ ನೋಡಿದ, ಮುಟ್ಟಲಿಲ್ಲ, ಕೈಯಾಗ ಖಾರ ಅದ, ತಡ್ರಿ ಅಂದ, ಹೋಗಿ ತೊಳಕೊಂಡು ಬಂದ, ಮೂಸಿ ನೋಡಿ ಮತ್ತ ಹೋಗಿ ತೊಳಕೊಂಡು ಬಂದ, ಆಮ್ಯಾಲೆ ಎರಡೂ ಅಂಗೈ ಮುಂದ ಮಾಡಿದ, ಇಟ್ಟೆ. ಮುಖಾನ ಮರ್ತಿದ್ದೆ ಮಾಸ್ತರ್ರ, ಅಂತಾನ, ಮೂರ್ನಾಕು ವರ್ಷಾತು, ಕಣ್ಣು ಮುಚ್ಚಿದ್ರ ಬರವಲ್ಲದು, ಹಡದ ಮಗಳ ಮಾರಿ ನೆನಪಿಲ್ಲ ಅಂತ ಯಾರ ಮುಂದ ಹೇಳ್ಲಿ — ಇಷ್ಟು ನಗತಿದ್ಳೇನ್ರಿ ಈಕಿ? ನಗತಿದ್ಳು, ಅವತ್ತು ನಗತಿದ್ಳು, ಶಿದ್ಲಿಂಗಣ್ಣ, ನಂದೊಂದು ತಪ್ಪು ಆಗ್ಯಾದ, ಆಕಿ ಸಾಲಿ ಸಲುವಾಗಿ ನಿನ್ನ ಹತ್ರ ಬರೇ ಒಂದು ಸಲ ಬಂದೆ, ಮತ್ತೊಮ್ಮೆ ಬರಬೇಕಾಗಿತ್ತು. ಅವ ನನ್ನ ಕಡೆ ನೋಡವಲ್ಲ, ಫೋಟೋದಾಗ ನೋಡಿಕೋತ ಅಂದ, ಮತ್ತೊಮ್ಮೆ ಬಂದಿದ್ರ ನಾನೂ ಹೂಂ ಅಂತಿದ್ನೇನೋ, ಯಾರಿಗೆ ಗೊತ್ತು — ಈ ಹುಡಿಗಿ ಸಲುವಾಗಿ ಎಷ್ಟು ಸಲ ಬರ್ತೀರಿ? ನೀನು ಹೂಂ ಅನ್ನೂ ತನಕ ಬರ್ತೀನಿ. ಹುಬ್ಬು ಎತ್ತಿ ನೋಡಿದ, ಮುದುಕ ನಕ್ಕನೋ, ಮೆಣಸಿನಕಾಯಿ ಘಾಟಿಗೆ ಕಣ್ಣು ಕಿರದು ಮಾಡಿದನೋ, ಹೈಸ್ಕೂಲ ಮಾತು ಜೂನಿಗೆ ನೋಡೂಣು, ಮೊದಲ ಸಮುದ್ರ ನೋಡಿ ಬರ್ಲಿ, ಸೋಮವಾರ ಬಸ್ಸು ಎಷ್ಟೊತ್ತಿಗ್ರಿ? ಏಳಕ್ಕ, ಮುಂಜಾನೆ ಏಳಕ್ಕ ಅಂದೆ. ಲೇ ಸಾವಂತ್ರಿ, ಕೈ ತೊಳಕೊಂಡು ಬಾ ಇಲ್ಲೆ, ನಿಮ್ಮವ್ವ ಬಂದಾಳ. ಓಡಲಿಲ್ಲ ಹುಡಿಗಿ, ನಿಧಾನ ಎದ್ದಳು, ತೊಳಕೊಂಡಳು, ಸೆರಗಿಲ್ಲ, ಪರಕಾರಕ್ಕ ಒರಸಿಕೊಂಡಳು, ಫೋಟೋ ತಗೊಂಡು ಅಂಗಳದ ನಡುವ ಬೆಳಕಿಗೆ ಹೋಗಿ ನಿಂತಳು. ಅಳತಾಳ ಅಂದ್ಕೊಂಡೆ, ಓಡಿ ಒಳಗ ಹೋಗತಾಳ ಅಂದ್ಕೊಂಡೆ, ಆಕಿ ಅಜ್ಜನ ಕಡೆ ತಿರಗಿ ಅಗದಿ ಸಾವಕಾಶ ಅಂದ್ಳು, ಅಜ್ಜಾ, ನಮ್ಮವ್ವ ನನಕಿಂತ ಸಣ್ಣಾಕಿ ಅದಾಳಲ್ಲ — ನೆತ್ತಿ ಮ್ಯಾಲಿನ ಬಿಸಲು ಫೋಟೋಕ್ಕ ಬೀಳದಂಗ ಹುಡಿಗಿ ಇನ್ನೊಂದು ಅಂಗೈ ಅಡ್ಡ ಹಿಡದು ನಿಂತಾಳ, ಕೂಸಿನ ಮಾರಿಗೆ ನೆರಳು ಹಿಡದಂಗ, ಹಂಗ ನಿಂತಾಳ.