ನೀಲಿ ಎಳೆ

ಹೋಟೆಲಿನ ಕೌಂಟರಿನ ಗಾಜಿನ ಕೆಳಗೆ ಒಂದು ಪಟ್ಟಿಯಿತ್ತು: 'ಕಾಲ್ನಡಿಗೆಯಲ್ಲಿ ನೋಡಬಹುದಾದ ಸ್ಥಳಗಳು.' ಮೊದಲನೆಯದು ದೀಪಸ್ತಂಭ, ಎರಡನೆಯದು ಹಳೆಯ ಸುಂಕದ ಕಚೇರಿ, ಮೂರನೆಯದು ಮೀನಿನ ಹರಾಜುಕಟ್ಟೆ. ನಾಲ್ಕನೆಯದು ಹಗ್ಗದ ಶೆಡ್ಡು. ಅದರ ಕೆಳಗೆ, 'ಈಗಲೂ ಹಡಗುಗಳಿಗೆ ಕೈಯಿಂದಲೇ ಹಗ್ಗ ಹೊಸೆಯುವ ಕೊನೆಯ ಮೇಸ್ತ್ರಿ' ಎಂದು ಅಚ್ಚಾಗಿತ್ತು. ಪಟ್ಟಿಯನ್ನು ಬರೆದವಳು ಆ ಕೌಂಟರಿನಲ್ಲಿ ಕೂರುವ ಹೆಂಗಸೇ. ಮೇಸ್ತ್ರಿ ಅವಳ ಅಪ್ಪ. ಆ ವಾಕ್ಯದಲ್ಲಿ 'ಕೈಯಿಂದಲೇ' ಎಂಬುದು ನಿಜ, 'ಕೊನೆಯ' ಎಂಬುದೂ ನಿಜ. 'ಹಡಗುಗಳಿಗೆ' ಎಂಬುದು ಮಾತ್ರ ಶುದ್ಧ ಸುಳ್ಳು.

ಬಂದರಿನವರು ನೈಲಾನ್ ಹಗ್ಗಕ್ಕೆ ತಿರುಗಿ ಎಂಟು ವರ್ಷವಾಗಿತ್ತು. 'ಇನ್ನು ಮುಂದೆ ತಮ್ಮ ಹಗ್ಗ ಬೇಕಾಗಿಲ್ಲ' ಎಂಬ ಕಾಗದವನ್ನು ಅಂದು ಇಸಿದುಕೊಂಡು ಬಂದವನು ಚಿಕ್ಕಪ್ಪ. ಅಪ್ಪ ಹಗ್ಗ ಹೊಸೆಯುವಾಗ ಶೆಡ್ಡಿನ ಆ ತುದಿಯಲ್ಲಿ ಕುಳಿತು ಚಕ್ರ ತಿರುಗಿಸುವುದು ಅವನ ಕೆಲಸ. ಕಾಗದವನ್ನು ಅಣ್ಣನಿಗೆ ಕೊಡದೆ ನೇರವಾಗಿ ಹೋಟೆಲಿಗೆ ತಂದು ಅವಳ ಮುಂದಿಟ್ಟಿದ್ದ.

"ನಾನಂತೂ ಹೇಳಲ್ಲಮ್ಮ. ಓದಿದವಳು ನೀನು, ನೀನೇ ಹೇಳು."

"ನಾನು ಹೇಗೆ ಹೇಳ್ಲಿ ಚಿಕ್ಕಪ್ಪ?"

"ಹಾಗಾದ್ರೆ ಇಬ್ರೂ ಸೇರಿ ಹೇಳದೇ ಇರೋಣ."

ಹೇಳದೇ ಇರುವುದು ಎಣಿಸಿದ್ದಕ್ಕಿಂತ ಸುಲಭವಾಯಿತು. ಉಗ್ರಾಣದ ಅಧಿಕಾರಿಯೊಡನೆ ಜಗಳವಾಡಿ, 'ಇನ್ನು ಈ ಹೊಸ್ತಿಲು ತುಳಿದರೆ ಕೇಳು' ಎಂದು ಎದ್ದುಬಂದಿದ್ದ ಅಪ್ಪ ಅದಾಗಲೇ ಬಂದರಿನ ಕಡೆ ತಲೆ ಹಾಕುವುದನ್ನು ಬಿಟ್ಟಿದ್ದ. ಹಗ್ಗವನ್ನು ಹೋಟೆಲೇ ಕೊಳ್ಳುವಂತೆ ಅವಳು ಮ್ಯಾನೇಜರನ ಕೈಕಾಲು ಹಿಡಿದು ಒಪ್ಪಿಸಿದಳು. ಅತಿಥಿಗಳಿಗೆ ನೋಡಲು ಒಂದು ಜಾಗ ಸಿಕ್ಕಿತು. ಹೊಸೆದ ಹಗ್ಗ ಹೋಟೆಲಿನ ಪಾಲಾಯಿತು, ಅದರ ದುಡ್ಡು ಬಂದರಿನ ದುಡ್ಡೆಂದು ಚಿಕ್ಕಪ್ಪನ ಕೈಯಿಂದ ಅಪ್ಪನಿಗೆ ಸೇರಿತು. ಶನಿವಾರ ಶನಿವಾರ ಹೋಟೆಲಿನ ಬಟ್ಟೆ ಸಾಗಿಸುವ ವ್ಯಾನು ಬಂದು ಸುರುಳಿಗಳನ್ನು ಹೊತ್ತೊಯ್ಯುತ್ತಿತ್ತು. ಬಂದರಿನವರು ಗೊತ್ತುಮಾಡಿದ ವ್ಯಾನೆಂದು ಅಪ್ಪ ನಂಬಿದ್ದ. ಪ್ರತಿ ಸುರುಳಿಯನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ, "ಒದ್ದೆ ನೆಲದ ಮೇಲೆ ಇಡಬೇಡಿ ಅಂತ ಉಗ್ರಾಣದ ಆ ಮುಠ್ಠಾಳನಿಗೆ ಹೇಳಪ್ಪ" ಎಂದು ಡ್ರೈವರನಿಗೆ ಕಟ್ಟಪ್ಪಣೆ ಮಾಡುತ್ತಿದ್ದ.

ಸುರುಳಿಗಳು ಹೋಟೆಲಿನ ಬಟ್ಟೆ ಒಗೆಯುವ ಕೋಣೆಯ ಹಿಂದೆ ಚಾವಣಿ ಮುಟ್ಟುವಷ್ಟು ಬಿದ್ದಿದ್ದವು. ಬೇರೊಬ್ಬ ಮ್ಯಾನೇಜರ್ ಬಂದು ಹೋಟೆಲನ್ನು ಹೊಸದು ಮಾಡಹೊರಟಾಗ ಅವನ ಕಣ್ಣು ಅವುಗಳ ಮೇಲೆ ಬಿತ್ತು. ನಾಲ್ಕು ದಿನದ ರಜೆ ಮುಗಿಸಿ ಅವಳು ಬರುವಷ್ಟರಲ್ಲಿ, ಹಗ್ಗವನ್ನು ಗೇಣುದ್ದ ಕತ್ತರಿಸಿ ಪ್ರತಿ ಕೋಣೆಯ ಬೀಗದಕೈಗೂ ಕಟ್ಟಿ ಆಗಿತ್ತು.

"ಕತ್ತರಿಸಬಾರದಿತ್ತು ಸಾರ್," ಎಂದಳು.

"ಹಗ್ಗ ಅಂದ್ಮೇಲೆ ಕತ್ತರಿಸದೆ ಇನ್ನೇನ್ ಮಾಡ್ತಾರಮ್ಮ, ನೇಣು ಹಾಕ್ಕೋತಾರಾ?" ಎಂದು ಅವನು ತನ್ನ ಮಾತಿಗೆ ತಾನೇ ನಕ್ಕ.

ಅವಳಿಗೆ ನಗು ಬರಲಿಲ್ಲ. ಪಕ್ಕದ ಮನೆಯವರು ಬಟ್ಟೆ ಒಣಹಾಕಲು ನಾಲ್ಕು ಮೊಳ ಕೇಳಿದ್ದಕ್ಕೆ, "ಕತ್ತರಿಸೋದಾದ್ರೆ ಮೊದಲು ನನ್ನ ಕೈ ಕತ್ತರಿಸಿ" ಎಂದು ಇಡೀ ಸುರುಳಿಯನ್ನೇ ಎತ್ತಿಕೊಟ್ಟಿದ್ದ ಮನುಷ್ಯ ಅವಳಪ್ಪ. ಅಂದಿನಿಂದ ಅವಳು ಒಂದು ಕಟ್ಟಳೆ ಮಾಡಿಕೊಂಡಳು: ಪಟ್ಟಿಯ ಸ್ಥಳಗಳನ್ನು ನೋಡಲು ತನ್ನೊಡನೆ ಬೆಳಗಿನ ಸುತ್ತಾಟಕ್ಕೆ ಹೊರಡುವವರು ಬೀಗದಕೈಯನ್ನು ಕೌಂಟರಿನಲ್ಲಿ ಒಪ್ಪಿಸಿಯೇ ಹೊರಡಬೇಕು. ಕಳೆದುಹೋದೀತು ಎಂಬುದು ಹೊರಗೆ ಹೇಳುವ ಕಾರಣ.

ಆ ದಿನವೂ ಆರು ಬೀಗದಕೈ ಇಸಿದುಕೊಂಡು, ಆರು ಮಂದಿಯೊಡನೆ ಹೊರಟಳು. ಹರಾಜುಕಟ್ಟೆಯ ಬಳಿ ಹಿಂದಿನಿಂದ ಒಬ್ಬ ಮಹಿಳೆ ಬೆವರೊರೆಸಿಕೊಳ್ಳುತ್ತ ಓಡಿಬಂದು, "ನನ್ನನ್ನ ಬಿಟ್ಟೇ ಬಂದ್ಬಿಟ್ರಲ್ಲ! ಏಳೋದೇ ತಡವಾಯ್ತು" ಎಂದು ಗುಂಪಿಗೆ ಸೇರಿಕೊಂಡಳು. ಬಿಸಿಲು ಆಗಲೇ ಕಾದಿತ್ತು. ಕಡಲ ಗಾಳಿ ಉಪ್ಪನ್ನಷ್ಟೇ ಹೊತ್ತು ತರುತ್ತಿತ್ತು. ಆ ಧಗೆಯಲ್ಲಿ ಏಳನೆಯವಳ ಕೈಯಲ್ಲೇನಿದೆ ಎಂದು ನೋಡಲು ಅವಳಿಗೆ ಹೊಳೆಯಲಿಲ್ಲ.

ಶೆಡ್ಡು ಒಂದು ಬೀದಿಯಷ್ಟು ಉದ್ದ, ಒಂದು ಕೋಣೆಯಷ್ಟು ಅಗಲ. ಅಪ್ಪ ಸೊಂಟಕ್ಕೆ ನಾರಿನ ಹೊರೆ ಸುತ್ತಿಕೊಂಡು ಕಾದು ನಿಂತಿದ್ದ.

"ಬಂದ್ಯಾ ಪುಟ್ಟಿ?"

ನಲವತ್ತು ದಾಟಿದ ಮಗಳು ಅತಿಥಿಗಳ ಮುಂದೆ ಕೆಂಪಾದಳು. ಹಾಗೆ ಕರೆಯಬೇಡವೆಂದು ಒಮ್ಮೆ ಕೇಳಿಕೊಂಡಿದ್ದಳು ಕೂಡ. "ಮತ್ತೆ ಮೇಡಂ ಅನ್ಲಾ? ನಾನು ಸಾಯೋವರೆಗೂ ನೀನು ಪುಟ್ಟಿನೇ" ಎಂದು ಅವನು ಆ ಮಾತನ್ನು ತಳ್ಳಿಹಾಕಿದ್ದ.

ಚಿಕ್ಕಪ್ಪ ಚಕ್ರ ತಿರುಗಿಸಿದ. ಅಪ್ಪ ನಾರನ್ನು ಕೊಕ್ಕೆಗೆ ಸಿಕ್ಕಿಸಿ, ಬೆರಳ ಸಂದಿಯಿಂದ ಎಳೆ ಬಿಡುತ್ತ ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ನಡೆಯತೊಡಗಿದ. ಒಮ್ಮೆಯೂ ತಿರುಗಿ ನೋಡಲಿಲ್ಲ, ಒಮ್ಮೆಯೂ ಎಡವಲಿಲ್ಲ.

"ನಮ್ಮಣ್ಣ ಐವತ್ತು ವರ್ಷದಿಂದ ಹಿಂದಕ್ಕೇ ನಡೀತಿದಾನೆ," ಎಂದು ಚಿಕ್ಕಪ್ಪ ಅತಿಥಿಗಳಿಗೆ ಹೇಳಿದ. "ಅದಕ್ಕೇ ಮುಂದೇನಿದೆ ಅಂತ ಅವನಿಗೆ ಕಾಣ್ಸೋದೇ ಇಲ್ಲ."

"ನೀನು ಕೂತಲ್ಲೇ ಐವತ್ತು ವರ್ಷ ಕಳೆದೆ. ಬಾಯೊಂದು ಬಿಟ್ರೆ ನಿಂದು ಇನ್ನೇನು ನಡೆದಿದೆಯೋ?" ಎಂದು ಆ ತುದಿಯಿಂದ ಅಪ್ಪ ಕೂಗಿದ. ಎಲ್ಲರೂ ನಕ್ಕರು.

ಹುರಿಗಳನ್ನು ಸೇರಿಸುವಾಗ ಅಪ್ಪ ನಡುವೆ ಒಂದು ನೀಲಿ ಎಳೆ ಇಟ್ಟ. ಅವಳು ಎಂದಿನಂತೆ ವಿವರಿಸಿದಳು: "ಇದು ಮೇಸ್ತ್ರಿಯ ಸಹಿ. ಹಡಗು ಮುಳುಗಿ ಹಗ್ಗವೊಂದೇ ದಡ ಸೇರಿದರೂ ಯಾರ ಕೈಯದು ಎಂದು ತಿಳಿಯಬೇಕಲ್ಲ."

"ಅಯ್ಯೋ, ನೋಡಿ ಇಲ್ಲಿ, ಇದರಲ್ಲೂ ಇದೆ!"

ತಡವಾಗಿ ಬಂದಿದ್ದ ಮಹಿಳೆ ಕೋಣೆಯ ಬೀಗದಕೈಯನ್ನು ಮೇಲೆತ್ತಿ ಹಿಡಿದಿದ್ದಳು. ಗೇಣುದ್ದದ ಹಗ್ಗ ಅದರಿಂದ ಜೋತುಬಿದ್ದು ತೂಗುತ್ತಿತ್ತು.

ಚಕ್ರ ನಿಂತಿತು. ಅಪ್ಪ ಹತ್ತಿರ ಬಂದು ಕೈ ಚಾಚಿದ. ಹಗ್ಗದ ತುದಿಯನ್ನು ಉಗುರಿನಿಂದ ಬಿಡಿಸಿ, ಬೆಳಕಿಗೆ ಹಿಡಿದು ನೋಡಿದ.

"ಇಂಥವು ಎಷ್ಟಿವೆಯಮ್ಮ?"

"ಎಲ್ಲಾ ರೂಮಿಗೂ ಇದೆ. ತುಂಬಾ ಚೆನ್ನಾಗಿದೆ ಅಲ್ವಾ?"

"ಚೆನ್ನಾಗಿದೆ," ಎಂದ ಅಪ್ಪ. ಎರಡೂ ಕೈಯಲ್ಲಿ ಅದನ್ನು ಹಿಂದಿರುಗಿಸಿ, ಅರ್ಧಕ್ಕೆ ನಿಂತಿದ್ದ ಹಗ್ಗವನ್ನು ಒಂದಿಷ್ಟೂ ಹುರಿ ಸಡಿಲಿಸದೆ ಕೊನೆಯವರೆಗೆ ಹೊಸೆದ. ಅತಿಥಿಗಳು ಚಪ್ಪಾಳೆ ತಟ್ಟಿ, ಫೋಟೋ ತೆಗೆದುಕೊಂಡು ಹೊರಗಿನ ನೆರಳಿಗೆ ಹೋದರು. ಅವಳು ಒಳಗೇ ಉಳಿದಳು.

"ಬಂದರಿನವರು ಯಾವಾಗ ನಿಲ್ಲಿಸಿದ್ರು?"

"ಎಂಟು ವರ್ಷ ಆಯ್ತಪ್ಪ."

ಅಪ್ಪ ತಮ್ಮನ ಕಡೆ ತಿರುಗಿದ. "ನಿಂಗೂ ಗೊತ್ತಿತ್ತು."

ಚಿಕ್ಕಪ್ಪ ಚಕ್ರದ ಹಿಡಿಯನ್ನು ಒರೆಸುತ್ತ ಕುಳಿತ.

"ನಿಂಗೆ ನೋವಾಗಬಾರದು ಅಂತ ಅಪ್ಪ..."

"ಆಗ ಹೇಳಿದ್ರೆ ಆಗಲೇ ನೋವಾಗಿರೋದು. ಇಷ್ಟು ಹೊತ್ತಿಗೆ ವಾಸಿನೂ ಆಗಿರೋದು." ಅವನು ಸೊಂಟದ ನಾರನ್ನು ಬಿಚ್ಚಿ ಮೊಳೆಗೆ ನೇತುಹಾಕಿದ. "ಜನ ನನ್ನ ಕೆಲಸ ನೋಡೋಕೆ ಬರ್ತಾರೆ ಅಂದ್ಕೊಂಡಿದ್ದೆ. ಕೆಲಸ ಇಲ್ಲದ ಮುದುಕನ್ನ ನೋಡೋಕೆ ಬರ್ತಿದ್ರು. ಆ ಡ್ರೈವರು ಪ್ರತಿ ಶನಿವಾರ ನನ್ನ ಮಾತಿಗೆ ತಲೆ ಆಡಿಸ್ತಿದ್ದನಲ್ಲ, ಆಚೆ ಹೋಗಿ ಎಷ್ಟು ನಗ್ತಿದ್ದನೋ!"

"ಯಾರೂ ನಗ್ತಿರಲಿಲ್ಲ ಅಪ್ಪ."

"ಅದನ್ನೂ ನೀನೇ ಹೇಳಬೇಕು. ನಾನು ನಂಬಬೇಕು."

ರಾತ್ರಿ ಮನೆಯಲ್ಲಿ ಅಪ್ಪ ಉಂಡ ತಟ್ಟೆಯನ್ನು ಬಾಡಿಗೆಯವನಂತೆ ತಾನೇ ತೊಳೆದಿಟ್ಟ. ಅವಳು ಎರಡು ಸಲ ಅವನ ಕೋಣೆಯ ಬಾಗಿಲಿನವರೆಗೆ ಹೋಗಿ ಹಿಂದಿರುಗಿದಳು.

ಮರುದಿನ ಪಟ್ಟಿಯಿಂದ ನಾಲ್ಕನೆಯದನ್ನು ತೆಗೆಸಲೇಬೇಕೆಂದು ನಿಶ್ಚಯಿಸಿಕೊಂಡು ಹೊರಟವಳು, ದಾರಿಯಲ್ಲಿ ಶೆಡ್ಡಿನ ಬಾಗಿಲು ತೆರೆದಿದ್ದುದನ್ನು ಕಂಡಳು. ಅಪ್ಪ ಒಗೆದ ಅಂಗಿ ತೊಟ್ಟು, ನಾರು ಸುತ್ತಿಕೊಂಡು ಸಿದ್ಧನಾಗಿದ್ದ. ಅವಳಿಗೆ ಹೋದ ಜೀವ ಬಂದಂತಾಯಿತು. ಕೋಪ ಇಳಿದಿರಬೇಕು ಎಂದುಕೊಂಡಳು. ಪಟ್ಟಿಯನ್ನು ಮುಟ್ಟಲಿಲ್ಲ, ಹೊತ್ತಿಗೆ ಸರಿಯಾಗಿ ಅತಿಥಿಗಳನ್ನು ಕರೆತಂದಳು.

ಚಕ್ರ ತಿರುಗಿತು. ಅಪ್ಪ ಹಿಂದಕ್ಕೆ ನಡೆದ. ಹುರಿಗಳು ಸೇರುವ ಹೊತ್ತಿಗೆ ಅವಳ ನಾಲಿಗೆ ರೂಢಿಯ ಬಲದಿಂದ ತಾನಾಗಿ ಹೊರಳಿತು: "ನಡುವಿನ ನೀಲಿ ಎಳೆ ನೋಡಿ. ಅದು ಮೇಸ್ತ್ರಿಯ ಸಹಿ..."

ಕನ್ನಡಕದ ಅತಿಥಿಯೊಬ್ಬರು ಬಗ್ಗಿ ನೋಡಿದರು. "ಎಲ್ಲಿ? ಕಾಣಿಸ್ತಾ ಇಲ್ವಲ್ಲ?"

ನೀಲಿ ನೂಲಿನ ಉಂಡೆ ಕಿಟಕಿಯ ಕಟ್ಟೆಯ ಮೇಲೆ ನಿನ್ನೆ ಇಟ್ಟಲ್ಲೇ ಇತ್ತು.

"ಅದು ಹಡಗಿನ ಹಗ್ಗಕ್ಕೆ ಸ್ವಾಮಿ," ಎಂದ ಅಪ್ಪ, ಹಲ್ಲು ಕಾಣುವಂತೆ ನಗುತ್ತ. "ಇದು ಬೀಗದಕೈಗೆ." ಆಮೇಲೆ ಅವಳತ್ತ ತಿರುಗಿ, ಹೋಟೆಲಿನವರು ಅತಿಥಿಗಳ ಮುಂದೆ ಬಾಗುವಷ್ಟೇ ಬಾಗಿ ಕೇಳಿದ: "ಗೇಣುದ್ದಕ್ಕೆ ಕತ್ತರಿಸಿಬಿಡ್ಲಾ ಮೇಡಂ?"

ಅತಿಥಿಗಳು ನಕ್ಕರು. ಇದೂ ಪ್ರದರ್ಶನದ ಭಾಗವೆಂದೇ ಅವರು ತಿಳಿದರು.

"ಅಪ್ಪಾ," ಎಂದಳು ಅವಳು, ಅವರಾರಿಗೂ ಕೇಳಿಸದಷ್ಟು ಮೆಲ್ಲಗೆ.

"ಮುಂದಿನ ಜಾಗಕ್ಕೆ ಕರ್ಕೊಂಡು ಹೋಗಿ ಮೇಡಂ," ಎಂದ ಅಪ್ಪ. "ಇವರಿಗೆ ಹೊತ್ತಾಗುತ್ತೆ."