ಮುಖ, ಕಾಲು ಕಾಣದಿದ್ದರೆ

ನನ್ನ ಕೆಲಸ ಏನೆಂದು ಯಾರಿಗಾದರೂ ವಿವರಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಡ್ರೈವರ್ ಇಲ್ಲದೆ ತಾನೇ ಓಡುವ ಕಾರುಗಳಿಗೆ ಕಣ್ಣು ಪಳಗಿಸುವುದು. ರಸ್ತೆಯ ಚಿತ್ರಗಳು ಕಂಪ್ಯೂಟರಿನಲ್ಲಿ ಒಂದಾದ ಮೇಲೊಂದು ಬರುತ್ತವೆ. ಅದರಲ್ಲಿರುವ ಒಂದೊಂದರ ಸುತ್ತಲೂ ಚೌಕ ಎಳೆದು ಹೆಸರು ಹಚ್ಚುತ್ತೇವೆ: ಮನುಷ್ಯ, ಸೈಕಲ್, ಲಾರಿ, ನಾಯಿ, ವಸ್ತು. ಅಂಥ ಲಕ್ಷಾಂತರ ಚೌಕಗಳನ್ನು ನೋಡಿ ನೋಡಿ ಕಾರು ಕಲಿಯುತ್ತದೆ. "ಅಂದ್ರೆ ದಿನವಿಡೀ ಕೂತ್ಕೊಂಡು ಡಬ್ಬ ಬಿಡಿಸ್ತೀಯ, ಅಷ್ಟೇ ತಾನೆ?" ಎಂದು ಅಕ್ಕ ನಗುತ್ತಿದ್ದಳು. ಅವಳದು ಪಾದದ ತನಕ ಬರುವ ಬೂದು ನಿಲುವಂಗಿ ತೊಟ್ಟು ರಸ್ತೆ ಗುಡಿಸುವ ಕೆಲಸ. "ನಾನು ಗುಡಿಸಿದ ಮೇಲೇನೇ ನಿನ್ನ ಕಾರು ಓಡಾಡೋದು, ನೆನಪಿರ್ಲಿ" ಎಂದು ಜಂಬವನ್ನೂ ಕೊಚ್ಚಿಕೊಳ್ಳುತ್ತಿದ್ದಳು.

ಅಮ್ಮ ಹೋದಾಗ ನನಗೆ ಒಂಬತ್ತು ವರ್ಷ. ಮದುವೆಯಾಗಿ ಹೊರಟ ಅಕ್ಕ ನನ್ನನ್ನೂ ಕಟ್ಟಿಕೊಂಡು ಬಂದಳು. ಭಾವ ದರ್ಜಿ. ಒಂದು ಮಾತೂ ಎತ್ತದೆ ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿ ನನ್ನ ಹಾಸಿಗೆಗೆ ಜಾಗ ಮಾಡಿದವರು. ಇವತ್ತಿಗೂ ನಾನು ಅಲ್ಲೇ ಮಲಗುತ್ತೇನೆ.

ಅಂಥ ಒಂದು ಕಾರೇ ಅಕ್ಕನನ್ನು ಹೊಡೆದು ಕೊಂದಿತು. ಬೆಳಗ್ಗೆ ಆರೂವರೆಗೆ, ಅವಳು ಗುಡಿಸುತ್ತಿದ್ದ ರಸ್ತೆಯಲ್ಲೇ. "ಮಹಿಳೆ ಇದ್ದಕ್ಕಿದ್ದಂತೆ ಅಡ್ಡ ಬಂದರು" ಎಂದು ಕಾರಿನ ಕಂಪನಿಯವರು ಹೇಳಿಕೆ ಕೊಟ್ಟರು. ನನಗೆ ಮೈ ಉರಿದುಹೋಯಿತು. ಭಾವ ಮಾತ್ರ ಅದನ್ನು ಅಕ್ಷರಶಃ ನಂಬಿಬಿಟ್ಟರು.

ಯಾಕೆಂದರೆ ಅವತ್ತು ಅಕ್ಕ ನಲ್ಲಿ ನಿಲ್ಲಿಸಲು ಮರೆತಿದ್ದಳು. ನೀರು ಹರಿದು, ಕತ್ತರಿಸಿಟ್ಟಿದ್ದ ಬಟ್ಟೆಯೆಲ್ಲ ತೊಯ್ದುಹೋಗಿತ್ತು. "ಎಲ್ಲಾದ್ರೂ ಹಾಳಾಗಿ ಹೋಗು" ಎಂದು ಭಾವ ಕೂಗಿದ್ದರು. ಅವಳು ಪೊರಕೆ ಎತ್ತಿಕೊಂಡು ಹೊರಟಿದ್ದಳು.

"ನನ್ನ ಮಾತೇ ಅವಳ ತಲೇಲಿ ತಿರುಗ್ತಿತ್ತು ಕಣೆ," ಎನ್ನುತ್ತಿದ್ದರು ಭಾವ. "ಇಲ್ದಿದ್ರೆ ಇಪ್ಪತ್ತು ವರ್ಷ ರಸ್ತೇಲಿ ಕೆಲಸ ಮಾಡ್ದೋಳು ಹೀಗೆ ನುಗ್ತಾಳಾ? ನಾನೇ ಕಳಿಸ್ದೆ ಅವಳನ್ನ." ಹನ್ನೊಂದು ದಿನ ಹೊಲಿಗೆ ಯಂತ್ರ ಮುಟ್ಟಲಿಲ್ಲ. ತಟ್ಟೆ ಮುಂದಿಟ್ಟರೆ ಎರಡು ತುತ್ತು ತಿಂದು ಕೈ ತೊಳೆಯುತ್ತಿದ್ದರು. ಅಂಗಿ ಮೈಮೇಲೆ ಜೋತಾಡುತ್ತಿತ್ತು. ತಮ್ಮ ಅಳತೆಗೆ ತಾವೇ ಹೊಲಿದುಕೊಂಡ ಅಂಗಿ. ಹೀಗೇ ಬಿಟ್ಟರೆ ಇವರೂ ಉಳಿಯುವುದಿಲ್ಲ ಎಂದು ನನಗೆ ಭಯವಾಗಿತ್ತು.

ಹನ್ನೆರಡನೆಯ ದಿನ ಕೆಲಸಕ್ಕೆ ಹೋದೆ. ನಮ್ಮ ಮೇಲಿನವರನ್ನು ನಾವು ಅಂಚು ಮೇಷ್ಟ್ರು ಎನ್ನುತ್ತೇವೆ. ಚೌಕದ ಅಂಚು ಕೂದಲೆಳೆಯಷ್ಟು ಆಚೀಚೆಯಾದರೂ ಬೆನ್ನ ಹಿಂದೆ ಬಂದು ಕೆಮ್ಮುತ್ತಾರೆ. ಅವತ್ತು ಕೆಮ್ಮಲಿಲ್ಲ. "ಸುಲಭದ್ದು ಮಾಡಮ್ಮ" ಎಂದು ಒಂದು ತುಣುಕು ಕಳಿಸಿದರು. ಯಾರ ಕಾರು, ಯಾವ ರಸ್ತೆ ಎಂದು ನಮಗೂ ಹೇಳುವುದಿಲ್ಲ, ಅವರಿಗೂ ಗೊತ್ತಿರುವುದಿಲ್ಲ. ಕಾರು ಎಡವಿದ ಕಡೆಯ ಚಿತ್ರಗಳು ಅದೇ ಎಳೆದುಕೊಂಡ ಚೌಕಗಳ ಸಮೇತ ಬರುತ್ತವೆ. ತಪ್ಪಿದ್ದರೆ ನಾವು ತಿದ್ದಬೇಕು.

ತೊಂಬತ್ತನಾಲ್ಕು ಚಿತ್ರಗಳಿದ್ದವು. ಎಲ್ಲದರಲ್ಲೂ ರಸ್ತೆಯ ಅಂಚಿನಲ್ಲಿ ಒಂದು ಬೂದು ಗುಡ್ಡೆ, ಅದರ ಸುತ್ತ ಹಳದಿ ಚೌಕ. ಹೆಸರು: ವಸ್ತು. ಅದು ಅಕ್ಕ.

ಕಾರಿಗೆ ಆ ಹೆಸರು ಕಲಿಸಿದ್ದು ನಾನು. ಎರಡು ವರ್ಷದ ಹಿಂದೆ, ಬಗ್ಗಿ ನಿಂತವರ, ಮುಸುಕು ಹೊದ್ದವರ ಚಿತ್ರ ಬಂದಾಗಲೆಲ್ಲ ನಮ್ಮಲ್ಲಿ ಜಗಳವಾಗುತ್ತಿತ್ತು. ಅರ್ಧ ಜನ ಮನುಷ್ಯ ಎಂದರೆ ಅರ್ಧ ಜನ ಚೀಲ ಎನ್ನುತ್ತಿದ್ದರು. ಹೊಂದಾಣಿಕೆಯಾಗದ ಕೆಲಸ ವಾಪಸು ಬರುತ್ತಿತ್ತು. ಒಂದು ಮಧ್ಯಾಹ್ನ ರೋಸಿಹೋಗಿ, "ಮುಖಾನೂ ಕಾಲೂ ಎರಡೂ ಕಾಣದಿದ್ರೆ ವಸ್ತು ಅಂತ ಹಾಕಿ ಮುಂದಕ್ಕೆ ಹೋಗೋಣ, ಪೀಡೆ ಕಳೀತು" ಎಂದಿದ್ದೆ. ಮೇಷ್ಟ್ರು ಚಪ್ಪಾಳೆ ತಟ್ಟಿದರು. ಅದನ್ನು ಬರೆದು ಗೋಡೆಗೆ ಅಂಟಿಸಿದರು. ಅವತ್ತು ನಾನು ಉಬ್ಬಿಹೋಗಿದ್ದೆ. ಅಕ್ಕ ಸತ್ತ ದಿನದಿಂದ ನನಗೆ ಅನುಮಾನ ಬಂದೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾನೇ ಬರಗೊಡಲಿಲ್ಲ.

ಮನುಷ್ಯ ಕಂಡರೆ ಕಾರು ವೇಗ ತಗ್ಗಿಸಿ ನಿಲ್ಲಲು ಸಿದ್ಧವಾಗುತ್ತದೆ. ವಸ್ತು ಕಂಡರೆ ಪಕ್ಕದಲ್ಲೇ ಸವರಿಕೊಂಡು ಹೋಗುತ್ತದೆ. ಚೀಲ ಹೆಜ್ಜೆ ಇಡುವುದಿಲ್ಲವಲ್ಲ. ಅಕ್ಕ ಒಂದು ಹೆಜ್ಜೆ ಹಿಂದಕ್ಕಿಟ್ಟಳು. ಕಸದ ರಾಶಿ ಸೇರಿಸುವಾಗ ಗುಡಿಸುವವರೆಲ್ಲ ಇಡುವ ಹೆಜ್ಜೆ ಅದು.

ನಾನು ತೊಂಬತ್ತನಾಲ್ಕು ಚಿತ್ರಗಳಲ್ಲೂ ವಸ್ತು ಎಂಬುದನ್ನು ಅಳಿಸಿ ಮನುಷ್ಯ ಎಂದು ಬರೆದೆ. ಮೇಷ್ಟ್ರನ್ನು ಕರೆದು ಗೋಡೆಯ ಹಾಳೆ ಕಿತ್ತು ಅವರ ಕೈಗೆ ಕೊಟ್ಟು, ಯಾಕೆಂದು ಹೇಳಿದೆ.  ಬ್ಯಾಗು ಎತ್ತಿಕೊಂಡು ಮನೆಗೆ ಬಂದೆ.

ದಾರಿಯುದ್ದಕ್ಕೂ ಒಂದೇ ಲೆಕ್ಕಾಚಾರ. ಹೇಳಿದರೆ ಭಾವನ ಎದೆಯ ಮೇಲಿನ ಕಲ್ಲು ಇಳಿಯುತ್ತದೆ, ಆದರೆ ನನಗೆ ಆ ಮನೆಯಿಲ್ಲ, ಭಾವನೂ ಇಲ್ಲ. ಹೇಳದಿದ್ದರೆ ಎರಡೂ ಇರುತ್ತವೆ, ಭಾವ ಬದುಕಿರುವಷ್ಟು ದಿನ. ಎರಡು ಸಲ ಬಾಗಿಲ ತನಕ ಹೋಗಿ ವಾಪಸು ಬಂದೆ. ನಾನು ಹೇಡಿ. ಮೂರನೆಯ ಸಲ ಅವರೇ ಬಾಗಿಲು ತೆಗೆದರು.

"ಅಕ್ಕ ನುಗ್ಗಲಿಲ್ಲ, ಭಾವ," ಎಂದೆ, ನಿಂತಲ್ಲೇ. "ಅವಳ ಪಾಡಿಗೆ ಅವಳು ಗುಡಿಸ್ತಿದ್ಲು. ಕಾರಿಗೆ ಅವಳು ದೂರದಿಂದ್ಲೇ ಕಂಡಿದ್ಲು. ನಿಮ್ಮ ಮಾತಿಗೂ ಅದಕ್ಕೂ ಸಂಬಂಧಾನೇ ಇಲ್ಲ."

ಭಾವ ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕುಸಿದರು. "ಹೌದಾ? ಗುಡಿಸ್ತಾನೇ ಇದ್ಲಾ?" ಎಂದು ಮತ್ತೆ ಮತ್ತೆ ಕೇಳಿದರು. ಹನ್ನೆರಡು ದಿನದಲ್ಲಿ ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತರು. ಅತ್ತು ಮುಗಿಸಿ, ತೋಳಿನಿಂದ ಮುಖ ಒರೆಸಿಕೊಂಡು, "ಮತ್ತೆ ಕಂಡ ಮೇಲೂ ಯಾಕೆ ನಿಲ್ಲಿಲ್ಲ?" ಎಂದರು.

ಅದನ್ನೂ ಹೇಳಿದೆ. ಗೋಡೆಯ ಹಾಳೆ, ನನ್ನ ಮಾತು, ಚಪ್ಪಾಳೆ, ಒಂದನ್ನೂ ಬಿಡಲಿಲ್ಲ. ಅವರು ಬಯ್ಯಲಿ ಎಂದು ಕಾದೆ. ಕೈಯೆತ್ತಿದ್ದರೂ ಬೇಜಾರಿರಲಿಲ್ಲ. ಭಾವ ಕತ್ತರಿ ಎತ್ತಿ ಪಕ್ಕಕ್ಕಿಟ್ಟರು.

"ಆ ಫೋಟೋದಲ್ಲಿ ಅವಳ ಮುಖ ಕಾಣ್ತಿರ್ಲಿಲ್ವಾ?"

"ಇಲ್ಲ ಭಾವ. ಬಗ್ಗಿದ್ಲು."

"ಕಾಲು?"

"ನಿಲುವಂಗಿ ಮುಚ್ಚಿತ್ತು."

"ಮತ್ತೆ ನಿಂಗೆ ಹೇಗೆ ಗೊತ್ತಾಯ್ತು, ಅಕ್ಕ ಅಂತ?"

 ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ.

"ನೋಡಿದ ತಕ್ಷಣ ಗೊತ್ತಾಯ್ತು," ಎಂದೆ.